ಕುದುರೆ ಮೂಸಿದ ಜೀನು

ಬಹಳ ಬಹಳ ಹಿಂದೆ, ಏಳು ಕಮರಿಗಳ ಈಚೆ, ಕುಂದಣಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಜನ ಒಳ್ಳೆಯವರೇ, ಆದರೆ ಹೊಳೆಯುವುದನ್ನು ಕಂಡರೆ ಬಾಯಿ ಬಿಡುವವರು. ಇದನ್ನು ಅರಿತಿದ್ದ ಗರಳಾಕ್ಷನೆಂಬ ಮಾಂತ್ರಿಕ ಗುರುತು ಸಿಗದಂತೆ ವ್ಯಾಪಾರಿಯ ವೇಷ ಹಾಕಿ, ಕೋಟೆಬಾಗಿಲಲ್ಲೇ ಅಂಗಡಿ ತೆರೆದು, ಚಿನ್ನದ ಜೀನು, ಚಿನ್ನದ ಕಡಿವಾಣಗಳನ್ನು ಕೇಳಿದವರಿಗೆಲ್ಲ ಸುಮ್ಮನೆ ಕೊಟ್ಟ. ಸುಮ್ಮನೆ ಸಿಕ್ಕಿದ್ದನ್ನು ಬೇಡವೆನ್ನುವವರುಂಟೇ? ರಾಜನ ನಲವತ್ತು ಕುದುರೆಗಳೂ ಚಿನ್ನ ತೊಟ್ಟವು. ಮೂರನೆಯ ದಿನ ನಲವತ್ತೂ ಸವಾರರನ್ನು ಹೊತ್ತು, ಕಮರಿಗಳನ್ನು ಹಾರಿ, ಮಾಂತ್ರಿಕನ ಬೆಟ್ಟ ಸೇರಿದವು. ಸವಾರರೆಲ್ಲ ಅಲ್ಲಿ ಕಲ್ಲಾದರು. ಕುದುರೆಗಳಿಗೆ ಹುಚ್ಚು ಹಿಡಿಯಿತು ಎಂದರು ಜನ. ಜೀನಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ನೋಡಿ.

ಕಲ್ಲಾದವರಲ್ಲಿ ಕೆಂಚವ್ವ ಎಂಬ ಹುಡುಗಿಯ ಅಣ್ಣ ಜಟ್ಟಪ್ಪನೂ ಒಬ್ಬ. ಇನ್ನು ಮೂರು ದಿನದಲ್ಲಿ, ಹೊತ್ತು ಮುಳುಗುವುದರೊಳಗೆ ಯಾರಾದರೂ ಬಂದು ಮುಟ್ಟದಿದ್ದರೆ ಆ ಕಲ್ಲುಗಳು ಬೆಟ್ಟದೊಳಗೇ ಕರಗಿಹೋಗುತ್ತವೆ ಎಂದು ಮಾಂತ್ರಿಕ ಹೇಳಿ ಕಳಿಸಿದ. ಕಮರಿ ಹಾರಲು ಉಳಿದದ್ದು ಒಂದೇ ಕುದುರೆ. ಹಿಂದಿನ ದಿನವಷ್ಟೇ ರಾಜನ ಲಾಯಕ್ಕೆ ಬಂದಿದ್ದ, ಯಾರನ್ನೂ ಹತ್ತಿರ ಸೇರಿಸದ ಹೊಸ ಕಪ್ಪು ಕುದುರೆ. ಅಣ್ಣನಿಲ್ಲದೆ ತನಗಾರು ದಿಕ್ಕು ಎಂದುಕೊಂಡು ಕೆಂಚವ್ವ ಅದರ ಹಗ್ಗ ಹಿಡಿದಳು.

ಜೀನು ಬೇಕಲ್ಲ? ಎಲ್ಲರೂ ಚಿನ್ನದ ಅಂಗಡಿಯತ್ತ ಕೈ ತೋರಿಸಿದರು. ಅಲ್ಲಿ ಹೋದರೆ ಕುದುರೆ ನಾಲ್ಕು ಕಾಲನ್ನೂ ಊರಿ ನಿಂತಿತು.

"ಕುದುರೆ ಹೊರಗೇ ಇರಲಿ, ನೀನು ಒಳಗೆ ಬಾ ತಾಯಿ" ಎಂದ ಅಂಗಡಿಯವನು.

ಮಾತು ಮುಗಿಯುವುದರೊಳಗೆ ಕುದುರೆ ಅವಳನ್ನು ಎಳೆದುಕೊಂಡು ಹಿಂದಿನ ಓಣಿಗೆ ನುಗ್ಗಿತು. ನಿಂತದ್ದು ಜೀನುಗಾರ ಮೈಲಾರಯ್ಯನ ಮನೆ ಮುಂದೆ. ಮುದುಕ ತೊಗಲು ಹೊಲಿಯುತ್ತ ಕೂತಿದ್ದ.

"ತಾತ, ಬೇಗ ಒಂದು ಜೀನು ಕೊಡು. ನಮ್ಮಣ್ಣ ಬೆಟ್ಟದ ಮೇಲೆ ಕಲ್ಲಾಗವ್ನೆ."

"ಕೊಡ್ತೀನಿ ಮಗಾ. ಆದ್ರೆ ಕುದುರೆ ಮೂಸಿ ತಲೆ ತಗ್ಗಿಸೋವರೆಗೂ ಏನನ್ನೂ ಹಾಕಕ್ಕಿಲ್ಲ. ನಮ್ಮ ಓಣಿ ರಿವಾಜು ಇದು."

ಮೊದಲ ದಿನ ಕಡಿವಾಣ ತೋರಿಸಿದರು. ಕುದುರೆ ಮೂಸಿ, ಸೀನಿ, ಮುಖ ತಿರುಗಿಸಿತು. "ತೊಗಲು ಬಿರುಸು, ಬಾಯಿ ನೋಯ್ತದೆ" ಎಂದು ಮೈಲಾರಯ್ಯ ಸಂಜೆಯವರೆಗೆ ಹರಳೆಣ್ಣೆ ತಿಕ್ಕಿದ. ಆಗ ಕುದುರೆ ತಲೆ ತಗ್ಗಿಸಿತು.

ಎರಡನೆಯ ದಿನ ಜೀನು ತೋರಿಸಿದರು. ಕುದುರೆ ಮೂಸಿ, ಕಿವಿ ಮಡಚಿ, ಕಚ್ಚಿ ಎಸೆಯಿತು. ಮುದುಕ ಅಂಗೈಯಿಂದ ಸವರಿ ನೋಡಿದರೆ ಒಳಗೊಂದು ದಾರದ ಗಂಟು. ಬೆನ್ನು ಕೆರೆಯುವಂಥದ್ದು. ಅದನ್ನು ಬಿಚ್ಚಿ ಹೊಲಿಯುವಷ್ಟರಲ್ಲಿ ಸಂಜೆಯಾಯಿತು. ಆಗ ಕುದುರೆ ತಲೆ ತಗ್ಗಿಸಿತು.

ಮೂರನೆಯ ದಿನ ಕೆಂಚವ್ವನಿಗೆ ಕಾಲು ನಿಲ್ಲಲಿಲ್ಲ. ಜೀನು ಬಿಗಿದದ್ದೇ ತಡ, ಚಂಗನೆ ಹತ್ತಿದಳು. ಹತ್ತಿದಷ್ಟೇ ಬೇಗ ಹೊಟ್ಟಿನ ರಾಶಿಯಲ್ಲಿ ಬಿದ್ದಳು.

"ಜೀನು ಮೂಸಾಯ್ತು. ನಿನ್ನ ಮೂಸಿತಾ?" ಎಂದ ಮುದುಕ.

ಕೆಂಚವ್ವ ನೆನೆಸಿದ ಹುರುಳಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ಹೊತ್ತು ನೆತ್ತಿಗೇರಿತು, ಆಮೇಲೆ ಇಳಿಯತೊಡಗಿತು. ಅವಳು ಮಾತ್ರ ಕದಲಲಿಲ್ಲ. "ನಂಗೂ ಭಯ ಕಣಪ್ಪ" ಎಂದು ಮೆಲ್ಲಗೆ ಹೇಳಿದಳು. ಕುದುರೆ ಅವಳ ಕೈ ಮೂಸಿತು, ಭುಜ ಮೂಸಿತು, ಕೂದಲು ಮೂಸಿತು. ಆಮೇಲೆ ತಲೆ ತಗ್ಗಿಸಿತು.

ಅಬ್ಬಾ, ಆ ಓಟವನ್ನು ಏನೆಂದು ಹೇಳಲಿ! ಒಂದು ಕಮರಿ ಹಾರಿತು, ಎರಡು ಹಾರಿತು, ಮೂರು ಹಾರಿತು. ಏಳನೆಯದರ ಮೇಲೆ ಕೆಂಚವ್ವ ಖುಷಿ ತಡೆಯಲಾರದೆ ಕೇಕೆ ಹಾಕಿದಳು. ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ.

ಅವಳು ಅಣ್ಣನನ್ನು ಮುಟ್ಟಲು ಇಳಿದದ್ದೇ ಸಮಯವೆಂದು ಗರಳಾಕ್ಷ ಬಂಡೆಯ ಮರೆಯಿಂದ ಹಾರಿ ಬಂದ. "ಇದೂ ನನ್ನದೇ" ಎನ್ನುತ್ತ ಕುದುರೆಯ ಬೆನ್ನೇರಿ ಕೂತ. ಆ ಪುಣ್ಯಾತ್ಮನನ್ನು ಕುದುರೆ ಮೂಸಿರಲಿಲ್ಲ. ಒಂದೇ ಸಲ ಹಿಂಗಾಲು ಝಾಡಿಸಿತು ನೋಡಿ, ಮಾಂತ್ರಿಕ ಏಳನೆಯ ಕಮರಿಯ ತಳ ಕಂಡ. ಚಿನ್ನದ ಜೀನುಗಳೆಲ್ಲ ಬೂದಿಯಾಗಿ ಉದುರಿದವು. ನಲವತ್ತು ಕುದುರೆಗಳು ಒಟ್ಟಿಗೆ ಕೆನೆದವು. ಕೆಂಚವ್ವ ಅಣ್ಣನನ್ನು ತಬ್ಬಿಕೊಂಡಾಗ ಕಲ್ಲು ಬೆಚ್ಚಗಾಗಿ ಉಸಿರಾಡಿತು. ಅವಳು ಮುಟ್ಟುತ್ತ ಹೋದಂತೆ ಒಬ್ಬೊಬ್ಬರಾಗಿ ಉಳಿದ ಸವಾರರೂ ಎದ್ದರು. ಅವಳು ಗಟ್ಟಿಯಾಗಿ ಅತ್ತುಬಿಟ್ಟಳು.

ಕುಂದಣಗಿರಿಯವರು ಆಮೇಲೆ ಸುಖವಾಗಿ ಬಾಳಿದರು, ಮೈಲಾರಯ್ಯನಿಗೆ ಮಾತ್ರ ಕೆಲಸದಿಂದ ಪುರಸೊತ್ತೇ ಸಿಗಲಿಲ್ಲ. ಆದರೆ ಅವತ್ತಿನ ಮಾತು ಒಂದು ಬಾಕಿ ಇದೆ. ಜಟ್ಟಪ್ಪ ಕಣ್ಣುಜ್ಜಿಕೊಂಡು ಕಪ್ಪು ಕುದುರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಂಥಾ ಕುದುರೆ ಕಣೆ! ನಾನೂ ಹತ್ಲಾ?" ಎಂದು ತಂಗಿಯನ್ನು ಕೇಳಿದ.

"ನನ್ನೇನು ಕೇಳ್ತೀಯಣ್ಣ" ಎಂದಳು ಕೆಂಚವ್ವ. "ಅದ್ರ ಮುಂದೆ ಹೋಗಿ ಸುಮ್ನೆ ನಿಂತ್ಕೊ."