ಸಜಾತಿ ಪದಗಳು

ಗಣಿತದ ಟೀಚರ್ ಬೋರ್ಡಿನಿಂದ ಈಚೆ ತಿರುಗಿದಾಗ ಇಡೀ ತರಗತಿ ನಗುತ್ತಿತ್ತು.

ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿ ಅದು ಅವಳ ಮೊದಲ ವಾರ. ಅವಳು ಹೇಳಿದ್ದು 'ಸ್ಥಿರಾಂಕ' ಎಂಬ ಒಂದೇ ಪದ. ಅದನ್ನು ಸನ್ನೆಯಲ್ಲಿ ತಿಳಿಸಬೇಕಿದ್ದ ಅನುವಾದಕ ಹುಬ್ಬು ಗಂಟಿಕ್ಕಿ, ಕೈಕಟ್ಟಿ ನಿಂತಿದ್ದ. ಥೇಟ್ ಅವಳ ಹಾಗೆಯೇ.

ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಅವನನ್ನು ತಡೆದಳು.

"ನನ್ನನ್ನ ಅಣಕಿಸಿದ್ರಾ?"

"ಅಯ್ಯೋ, ಆ ಪದಕ್ಕೆ ನಮ್ಮಲ್ಲಿ ಸನ್ನೆಯೇ ಇಲ್ಲ, ಮೇಡಂ. ಏನೇ ಆದ್ರೂ ಬದಲಾಗದೇ ಇರೋದು ಅಂತ ತೋರಿಸಬೇಕಿತ್ತು. ಕಣ್ಣಿಗೆ ಬಿದ್ದಿದ್ದು ನಿಮ್ಮ ಮುಖ."

ಬೈಯಬೇಕೆನ್ನಿಸಿತು. ಬೈಯುವುದಕ್ಕೂ ತ್ರಾಣ ಬೇಕಲ್ಲ. ಹಾಸಿಗೆ ಹಿಡಿದ ಅಕ್ಕನಿಗೆ ಸ್ನಾನ ಮಾಡಿಸಿ, ಬಸ್ಸು ಬದಲಿಸಿ ಬರುವಷ್ಟರಲ್ಲೇ ಅವಳ ಅರ್ಧ ಜೀವ ಹೋಗಿರುತ್ತಿತ್ತು.

"ಹಾಗಾದ್ರೆ ಸರಿಯಾದ ಸನ್ನೆ ನಾವೇ ಮಾಡೋಣ" ಎಂದಳು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಇಬ್ಬರೂ ಕೂರತೊಡಗಿದರು. ಚರಾಕ್ಷರ ಎಂದರೆ ಮುಚ್ಚಿದ ಮುಷ್ಟಿ. ಒಳಗೆ ಏನು ಬೇಕಾದರೂ ಇರಬಹುದು. ಸಹಗುಣಕ ಎಂದರೆ ಆ ಮುಷ್ಟಿಯ ಪಕ್ಕಕ್ಕೇ ಒತ್ತಿ ನಿಂತ ಬೆರಳುಗಳು. ಮಕ್ಕಳು ಒಪ್ಪಿದರೆ ಆ ಸನ್ನೆ ಉಳಿಯಿತು, ಮೂಗು ಮುರಿದರೆ ಬಿಟ್ಟುಹೋಯಿತು.

"ಒಂದೇ ಚರಾಕ್ಷರ ಇರೋ ಸಜಾತಿ ಪದಗಳನ್ನ ಮಾತ್ರ ಕೂಡಬೇಕಾ?" ಅವನು ಕೇಳಿದ. "ಬೀಜಗಣಿತಕ್ಕೂ ಇಂಥ ಹಠಾನಾ?"

"ಕೂಡೋದಕ್ಕೆ ಮಾತ್ರ. ಗುಣಿಸೋದಕ್ಕೆ ಅಡ್ಡಿಯಿಲ್ಲ."

ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಅವನು ತುಟಿ ಕಚ್ಚಿಕೊಂಡು ಕಿಟಕಿಯತ್ತ ನೋಡಿದ. ಕಿಟಕಿಯ ಗಾಜಿನಲ್ಲಿ ಅವನ ನಗು ಚೆನ್ನಾಗಿಯೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಒದ್ದಾಡುವುದನ್ನು ಕಂಡಳು. ವರ್ಷಗಟ್ಟಲೆ ದಿನವಿಡೀ ಕೈಯಲ್ಲೇ ಮಾತಾಡಿ ಮಣಿಕಟ್ಟು ಸೋತಿತ್ತು. ಕೆಲಸ ನಿಲ್ಲಿಸದಿದ್ದರೆ ಬೆರಳು ಮಡಚಲೂ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು.

"ಮತ್ತೆ ಯಾಕೆ ನಿಲ್ಲಿಸಿಲ್ಲ?"

"ನಿಲ್ಲಿಸ್ತೀನಿ, ನಿಲ್ಲಿಸ್ತೀನಿ" ಎಂದು ಜಾರಿಕೊಂಡ.

ಮರುದಿನದಿಂದ ಅವಳು ಊಟದ ಬಿಡುವಿನಲ್ಲಿ ದೊಡ್ಡ ತರಗತಿಯ ಹುಡುಗಿಯರ ಮುಂದೆ ಸನ್ನೆ ಕಲಿಯಲು ಶಿಷ್ಯೆಯಾಗಿ ಕೂರತೊಡಗಿದಳು. ಕಣ್ಣು ಎಳೆಯುತ್ತಿದ್ದರೂ ಬೆರಳು ಪಳಗಿಸಿದಳು. ಕೊನೆಗೊಂದು ದಿನ ಸಮೀಕರಣದ ಪಾಠವನ್ನು ಅವನ ಸಹಾಯವಿಲ್ಲದೆಯೇ ಶುರುಮಾಡಿದಳು. ತಕ್ಕಡಿಯಂತೆ ಅಂಗೈಗಳನ್ನು ಹಿಡಿದು, ಒಂದು ಕಡೆಯಿಂದ ತೆಗೆದಷ್ಟನ್ನು ಇನ್ನೊಂದು ಕಡೆಯಿಂದಲೂ ತೆಗೆಯಬೇಕೆಂದಳು. ತಪ್ಪಿದಾಗ ಮಕ್ಕಳೇ ತಿದ್ದಿದರು.

ಅವನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಹೊರಟುಹೋದ.

ಸಂಜೆ ಅವಳು ಸ್ಟಾಫ್ ರೂಮಿಗೆ ಬಂದಾಗ ಅವನು ಚೀಲ ತುಂಬುತ್ತಿದ್ದ.

"ಕೆಲಸ ಬಿಡ್ತೀನಿ ಅಂತ ಹೆಡ್‌ಮಾಸ್ಟರಿಗೆ ಹೇಳಿದೆ. ನಾನಿನ್ನು ಬೇಕಾಗಿಲ್ವಲ್ಲ."

"ನಿಮ್ಮ ಕೈ ಉಳೀಲಿ ಅಂತ ಕಲಿತೆ. ನೀವು ಹೋಗಲಿ ಅಂತಲ್ಲ."

"ಕೈ ಉಳಿಸ್ಕೊಂಡು ಏನು ಮಾಡಲಿ? ನಿಮ್ಮ ಜೊತೆ ಕೂರೋಕೆ ನನಗೆ ಬೇರೆ ನೆಪ ಇತ್ತಾ?"

ಅವಳು ಕುರ್ಚಿಯ ಮೇಲೆ ಕುಸಿದಳು. ಇಷ್ಟು ದಿನ ಯಾರೆದುರೂ ಆಡದ ಮಾತು ಬಾಯಿಗೆ ಬಂತು.

"ನನಗೆ ತುಂಬಾ ಸುಸ್ತಾಗಿದೆ ಕಣ್ರೀ. ನಿಮಗೂ ಆಗಿದೆ. ಇನ್ಮೇಲೆ ಒಟ್ಟಿಗೇ ಸುಸ್ತಾಗೋಣ ಅಂದ್ರೆ, ಅದನ್ನ ಏನಂತಾರೆ?"

"ಮದುವೆ ಅಂತಾರೆ" ಎಂದ ಅವನು. ನಗಲಿಲ್ಲ. ನೋಯುವ ಕೈಯನ್ನೇ ಮೆಲ್ಲನೆ ಮುಂದೆ ಚಾಚಿದ. ಅವಳು ಅದನ್ನು ಹೂವಿನಷ್ಟು ಹಗುರವಾಗಿ ಹಿಡಿದಳು.

"ನಿಮ್ಮ ಅಕ್ಕ ಏನಂತಾರೆ?"

"ನಿಮ್ಮ ವಿಷಯ ಅವಳಿಗೆ ಬೆಳಿಗ್ಗೆಯೇ ಹೇಳಿದೆ. 'ಅವನಿಗೆ ಟೀ ಮಾಡೋಕೆ ಬರುತ್ತಾ ಕೇಳು, ನಿನ್ನ ಟೀ ಕುಡಿದು ನಾಲಿಗೆ ಸತ್ತುಹೋಗಿದೆ' ಅಂದಳು."

ಈಗ ಅವನು ನಕ್ಕ.

ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಏನೇನೋ ಮಾತಾಡಬೇಕಿತ್ತು. ಮಾತು ಶುರುವಾಗುವ ಮೊದಲೇ ಅವಳ ತಲೆ ಅವನ ಭುಜಕ್ಕೆ ವಾಲಿತು, ಉಸಿರು ನಿಧಾನವಾಯಿತು. ಅವನು ಇಳಿಯಬೇಕಿದ್ದ ಸ್ಟಾಪ್ ಬಂತು. ಅವಳ ನಿದ್ದೆ ಕೆಟ್ಟೀತೆಂದು ಅವನು ಅಲುಗಾಡದೆ ಕೂತು, ಆ ಸ್ಟಾಪ್ ಹಿಂದೆ ಸರಿದುಹೋಗುವುದನ್ನು ನೋಡಿದ.