ಶಕ್ತಿಯಿಲ್ಲದ ಉಂಗುರ

ಕರಗುತ್ತಿರುವ ಅರಗಿನ ವಾಸನೆ ಎಂದರೆ ಅವಳಿಗೆ ಅಪ್ಪನ ವಾಸನೆ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಅಪ್ಪನ ಪಾರ್ಸೆಲ್ ಆಫೀಸಿಗೆ ಓಡಿಬರುತ್ತಿದ್ದಳು. ಅಪ್ಪ ಕೆಂಪು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ದಾರದ ಗಂಟಿನ ಮೇಲೆ ತೊಟ್ಟಿಕ್ಕಿಸುವಾಗ, ಸಿಹಿಯೂ ಅಲ್ಲದ ಸುಟ್ಟದ್ದೂ ಅಲ್ಲದ ಒಂದು ಘಮ ಏಳುತ್ತಿತ್ತು. ಮುದ್ರೆ ಒತ್ತುವುದು ಅಪ್ಪನ ಕೆಲಸ. ಪಾರ್ಸೆಲನ್ನು ಎತ್ತಿ ಹಿಡಿದು ತೂಕ ಹೇಳುವುದು ಅವಳ ಆಟ. ಅಪ್ಪ ತೂಗಿ ನೋಡಿ, "ಈ ಹುಡುಗಿ ಕೈಯೇ ತಕ್ಕಡಿ ಕಣ್ರೀ!" ಎಂದು ಪಕ್ಕದ ಗುಮಾಸ್ತರಿಗೆ ಹೇಳುತ್ತಿದ್ದರು. ತಕ್ಕಡಿ ಎನ್ನುವ ಹೆಸರು ಅವಳಿಗೆ ಹಾಗೇ ಅಂಟಿಕೊಂಡಿತು.

ಈಗ ಅದೇ ಕೌಂಟರಿನಲ್ಲಿ ಅವಳು ಕೂರುತ್ತಾಳೆ. ಅರಗು ಹೋಗಿ ಟೇಪು ಬಂದಿದೆ. ಅಮ್ಮ ತೀರಿಹೋದ ಮೇಲೆ ಮನೆಯ ಹೊಣೆಯೆಲ್ಲ ಅವಳು ತನ್ನ ಹೆಗಲಿಗೆ ಎಳೆದುಕೊಂಡಳು. ಅಪ್ಪ ಹಟ ಹಿಡಿದು ಅಡುಗೆಮನೆಯೊಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಒಂದು ಬೆಳಗ್ಗೆ ಕೌಂಟರಿನಾಚೆಯಿಂದ ಎಷ್ಟೋ ವರ್ಷಗಳ ಮೇಲೆ ಅರಗಿನ ಘಮ ಬಂದಾಗ ಅವಳು ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಉದ್ದನೆಯ ಮರದ ಪೆಟ್ಟಿಗೆ. ಅದರ ಹಿಂದೆ, ಮೂಗಿನ ತುದಿಗೆ ಜಾರಿದ ಕನ್ನಡಕದ ಒಬ್ಬ ಮನುಷ್ಯ. ಎರಡು ಬೀದಿ ಆಚೆ ಪಿಟೀಲು ರಿಪೇರಿ ಮಾಡುವವನು.

"ಅರಗು ಹಾಕಿದ್ದೀರಾ?"

"ಹಾಕಬಾರದಿತ್ತಾ?"

"ಹಾಕಬಹುದು. ಈಗ ಯಾರೂ ಹಾಕಲ್ಲ."

"ನೋಡೋಕೆ ಚೆನ್ನಾಗಿರುತ್ತಲ್ಲ, ಅದಕ್ಕೆ."

ಅವಳು ಪೆಟ್ಟಿಗೆಯನ್ನು ಎತ್ತಿ ಹಿಡಿದಳು. "ಮಿತಿಗಿಂತ ಚೂರು ಜಾಸ್ತಿ ಇದೆ."

"ಇನ್ನೂ ತೂಗಿಯೇ ಇಲ್ಲವಲ್ಲ!"

ತೂಗಿದಳು. ಜಾಸ್ತಿಯೇ ಇತ್ತು. ಅವನ ಹುಬ್ಬು ಮೇಲೇರಿತು.

"ಮೂಲೆಯ ಹಿತ್ತಾಳೆ ಪಟ್ಟಿ ತೆಗೆದುಬಿಡಿ, ಸರಿಹೋಗುತ್ತೆ."

"ಅದು ಅಂದಕ್ಕೆ ಹಾಕಿದ್ದು."

"ಅಂದಕ್ಕೂ ತೂಕ ಇರುತ್ತೆ."

ಅವನು ಜೇಬುಗಳನ್ನೆಲ್ಲ ತಡಕಾಡಿದ. ಅವಳು ತನ್ನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮುಂದಿಟ್ಟಳು. ಅದರ ಜೊತೆಗೇ ಒಂದು ಟಾರ್ಚು, ಜ್ವರದ ಮಾತ್ರೆ, ಸೂಜಿದಾರ, ಮಡಚಿದ ಛತ್ರಿ ಹೊರಗೆ ಇಣುಕಿದವು.

"ಇದೇನು, ಊರು ಬಿಟ್ಟು ಹೊರಟಿದ್ದೀರಾ?"

"ಯಾವಾಗ ಏನು ಬೇಕಾಗುತ್ತೋ ಯಾರಿಗೆ ಗೊತ್ತು," ಎಂದಳು, ಸ್ವಲ್ಪ ಬಿಗಿಯಾಗಿ.

ಆಗ ಅವನ ಕಣ್ಣು ಚೀಲದ ಕೊಂಡಿಯಲ್ಲಿ ತೂಗುತ್ತಿದ್ದ ಪುಟ್ಟ ಕಿರೀಟದ ಮೇಲೆ ನಿಂತಿತು. ಕಲ್ಲಿನ ಬಣ್ಣದ, ಒಂದು ಕಡೆ ಮುರಿದ ಕಿರೀಟ. ಅವನು ಬಗ್ಗಿ, ಗುಟ್ಟು ಹೇಳುವವನಂತೆ ಕೇಳಿದ: "ನೀವೂ ಆಡ್ತೀರಾ?"

ಅವಳ ಕಿವಿ ಬೆಚ್ಚಗಾಯಿತು. "ನೀವೂ?"

'ಕಲ್ಲಿನ ಕಿರೀಟ' ಒಂದು ವಿಡಿಯೋ ಗೇಮ್. ಪಾಳುಬಿದ್ದ ಕೋಟೆಗಳಲ್ಲಿ ಆಯುಧ ಹಿಡಿದು ಅಲೆಯಬೇಕು, ದೈತ್ಯರ ಜೊತೆ ಕಾದಾಡಬೇಕು, ಅವರು ಬೀಳಿಸಿದ ಕವಚ ಕತ್ತಿಗಳನ್ನು ಆರಿಸಿ ತೊಡಬೇಕು. ಆಟದ ಗುಟ್ಟೆಲ್ಲ ಹೊರೆಯಲ್ಲಿದೆ. ಮೈಮೇಲೆ ತೂಕ ಹೆಚ್ಚಾದರೆ ಏಟು ಬೀಳುವಾಗ ಉರುಳಿ ತಪ್ಪಿಸಿಕೊಳ್ಳಲಾಗದು. ತೀರಾ ಕಡಿಮೆಯಾದರೆ ಒಂದೇ ಏಟಿಗೆ ಕಥೆ ಮುಗಿಯಿತು. ಕೊಡಲಿ ಬಲವಾಗಿ ಹೊಡೆಯುತ್ತದೆ, ಆದರೆ ಎತ್ತುವಷ್ಟರಲ್ಲಿ ಶತ್ರು ನಾಲ್ಕು ಹೆಜ್ಜೆ ಆಚೆ ಇರುತ್ತಾನೆ. ಸಣ್ಣ ಕತ್ತಿ ಮಿಂಚಿನಂತೆ ಆಡುತ್ತದೆ, ಗೀರುವುದಷ್ಟೇ. ಇವೆಲ್ಲವನ್ನೂ ಹೊಂದಿಸಿಕೊಳ್ಳುವುದೇ ಅವಳಿಗೆ ಯುದ್ಧಕ್ಕಿಂತ ಇಷ್ಟ.

ಅಂದಿನಿಂದ ಸಂಜೆಗಳು ಬದಲಾದವು. ಅವಳು ತನ್ನ ಮನೆಯಲ್ಲಿ, ಅವನು ತನ್ನ ಮನೆಯಲ್ಲಿ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಕಂಟ್ರೋಲರ್. ಆಟದೊಳಗೆ ಇಬ್ಬರೂ ಸೇರಿ ನದಿಯ ಪಕ್ಕ ಒಂದು ಬಿಡಾರ ಹೂಡಿದರು. ಅಲ್ಲಿ ಒಬ್ಬ ಕಮ್ಮಾರ, ಒಬ್ಬ ಟೋಪಿ ಮಾರುವವಳು, ಒಬ್ಬ ಮುದುಕ ಅಕ್ಕಸಾಲಿಗ.

ಕೌಂಟರಿನಲ್ಲಿ ಎದುರಾದರೆ ಇಬ್ಬರಿಗೂ ಮಾತು ಹೊರಡದು. ಹೆಡ್‌ಫೋನ್ ಹಾಕಿದರೆ ಬಾಯಿ ಮುಚ್ಚದು.

"ಕೆಂಪುಗರಿ, ಆ ಟೋಪಿ ತೆಗೆದುಬಿಡಿ ಅಂತ ಎಷ್ಟು ಸಲ ಹೇಳಲಿ?"

ಕೆಂಪುಗರಿ ಎನ್ನುವುದು ಆಟದಲ್ಲಿ ಅವನ ಹೆಸರು, ತಕ್ಕಡಿ ಎನ್ನುವುದು ಅವಳದು. ತಲೆಯ ಮೇಲೆ ಉದ್ದನೆಯ ಕೆಂಪು ಗರಿಯ ಟೋಪಿ. ರಕ್ಷಣೆ ಸೊನ್ನೆ.

"ಟೋಪಿ ತೆಗೆದರೆ ನಾನು ನಾನೇ ಅಲ್ಲ."

"ಆ ಕತ್ತಿಯಾದರೂ ಬದಲಾಯಿಸಿ. ಅದರಿಂದ ಬೆಣ್ಣೆಯೂ ಕೊಯ್ಯಲ್ಲ."

"ಅದರ ದನಿ ಕೇಳಿದ್ದೀರಾ? ಒರೆಯಿಂದ ತೆಗೆಯುವಾಗ ಎಷ್ಟು ಇಂಪಾಗಿದೆ!"

"ರಾಕ್ಷಸನಿಗೆ ಸಂಗೀತ ಕೇಳಿಸೋಕೆ ಹೋಗ್ತಿದ್ದೀರಾ?"

"ಹೊಡೆಯೋಕೆ ನೀವಿದ್ದೀರಲ್ಲ. ಅಷ್ಟು ದೊಡ್ಡ ಕೊಡಲಿ, ಕಬ್ಬಿಣದ ಕವಚ, ಬಾಗಿಲಿನಂಥ ಗುರಾಣಿ. ನಿಮ್ಮನ್ನು ನೋಡಿದರೆ ನನಗೇ ಹೆದರಿಕೆ."

ಆದರೆ ಅವಳು ಗಮನಿಸಿದ್ದಳು. ಭಾರದ ಹೆಜ್ಜೆಯ ಅವಳು ಹಿಂದೆ ಬಿದ್ದಾಗಲೆಲ್ಲ ಅವನು ನದಿಯ ಸೇತುವೆಯ ಈಚೆ ತುದಿಯಲ್ಲಿ ಕಾಯುತ್ತಿದ್ದ. ದಾರಿಯಲ್ಲಿ ಒಂದೇ ಒಂದು ಮದ್ದಿನ ಸೀಸೆ ಸಿಕ್ಕರೆ, ತನಗೆ ಕಾಣಲೇ ಇಲ್ಲವೆಂಬಂತೆ ಅದನ್ನು ದಾಟಿ ಹೋಗುತ್ತಿದ್ದ. ಒಂದು ಬೆಳಗ್ಗೆ ಆಫೀಸಿನಲ್ಲಿ ಕೂತರೆ ವರ್ಷಗಳಿಂದ ಅಲ್ಲಾಡುತ್ತಿದ್ದ ಅವಳ ಸ್ಟೂಲು ಗಟ್ಟಿಯಾಗಿ ನಿಂತಿತ್ತು. ಬಗ್ಗಿ ನೋಡಿದಳು. ಕುಂಟು ಕಾಲಿನ ಕೆಳಗೆ ನಯವಾಗಿ ಉಜ್ಜಿದ ಮರದ ಚೂರು, ಪಿಟೀಲಿನ ವಾರ್ನಿಶ್ ವಾಸನೆ. ಹಿಂದಿನ ದಿನ ಅವಳು ಊಟಕ್ಕೆ ಎದ್ದಿದ್ದಾಗ ಅವನು ಬಂದು ಹೋಗಿದ್ದನಂತೆ.

ಅಂದು ಇಡೀ ದಿನ ಅವಳು ಅಲ್ಲಾಡದೆ ಕೂತಿದ್ದಳು. ಮನಸ್ಸೊಂದು ಮಾತ್ರ ಅಲ್ಲಾಡುತ್ತಿತ್ತು.

ಒಂದು ಸಂಜೆ ಅವನು ಟೋಪಿಯಿಲ್ಲದೆ ಬಿಡಾರಕ್ಕೆ ಬಂದ.

"ಅಂತೂ ಬುದ್ಧಿ ಬಂತು!" ಎಂದು ಅವಳು ನಕ್ಕಳು.

"ಹ್ಞೂಂ." ಅವನ ದನಿ ಎಂದಿನಂತಿರಲಿಲ್ಲ. "ನಿಮ್ಮ ಬ್ಯಾಗಿಗೆ ಒಂದು ಹಾಕಿದ್ದೀನಿ. ಪುರುಸೊತ್ತಾದಾಗ ನೋಡಿ." ಇಷ್ಟು ಹೇಳಿ, ತಲೆನೋವು ಎಂದು ಆಟದಿಂದ ಹೊರಟುಬಿಟ್ಟ.

ಆಟದೊಳಗಿನ ಅವಳ ಚೀಲಕ್ಕೆ ಅವನು ಆಗಾಗ ಏನಾದರೂ ಹಾಕುತ್ತಿದ್ದ. ಬಣ್ಣದ ಗಾಜಿನ ಮಣಿ, ಒಡಕು ಕೊಳಲು. ಎಲ್ಲವೂ ಚೆಂದ, ಯಾವುದೂ ಉಪಯೋಗಕ್ಕಿಲ್ಲ. ಅವಳು ಎಂದಿನಂತೆ ಕಮ್ಮಾರನ ಮುಂದೆ ನಿಂತು, ಚೀಲದ ಸಾಮಾನನ್ನೆಲ್ಲ ಶಕ್ತಿಯ ಲೆಕ್ಕದಲ್ಲಿ ಜೋಡಿಸಿ, ಪಟ್ಟಿಯ ಕೆಳಗೆ ಬಿದ್ದದ್ದನ್ನೆಲ್ಲ ಒಟ್ಟಿಗೆ ಒಡೆಸಿ ಲೋಹ ಮಾಡಿಸಿದಳು. ಅವಳ ಕೊಡಲಿ ಮುಂದಿನ ದರ್ಜೆಗೆ ಏರಲು ಒಂದು ಚೂರು ಬೆಳ್ಳಿ ಬೇಕಿತ್ತು. ಅದೃಷ್ಟ, ಅದೂ ಅದರಲ್ಲಿ ಸಿಕ್ಕಿತು. ಕೊಡಲಿಯ ಅಲಗಿನ ಮೇಲೆ ಕೂದಲೆಳೆಯಂಥ ಬಿಳಿ ಗೆರೆ ಮೂಡಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅಪ್ಪನನ್ನು ಕರೆದು ತೋರಿಸಿದಳು.

ಮರುಸಂಜೆ ಅವನು ಕೇಳಿದ. "ನೋಡಿದ್ರಾ?"

"ಏನನ್ನ?"

"ಬ್ಯಾಗಿಗೆ ಹಾಕಿದ್ದು."

"ಓ, ಅದಾ? ಎಲ್ಲದರ ಜೊತೆ ಒಡೆಸಿಬಿಟ್ಟೆ. ಶಕ್ತಿ ಇದ್ದಿದ್ದರೆ ಮೇಲೆ ನಿಲ್ತಿತ್ತಲ್ಲ. ಕೊಡಲಿಗೆ ಬೆಳ್ಳಿ ಸಿಕ್ತು, ಗೊತ್ತಾ!"

ಹೆಡ್‌ಫೋನಿನಲ್ಲಿ ಅವನ ಕತ್ತಿ ಒರೆಗೆ ಸೇರಿದ ಸದ್ದು ಕೇಳಿಸಿತು.

"ಸರಿ. ಕೊಡಲಿಗಾದರೂ ಆಯ್ತಲ್ಲ. ಒಳ್ಳೇದು."

ಸ್ವಲ್ಪ ಹೊತ್ತು ಆಡಿ ಅವನು ಹೋದ. ಮಾರನೆಯ ಸಂಜೆ ಬರಲಿಲ್ಲ. ಅದರ ಮರುದಿನವೂ ಇಲ್ಲ, ಅದರಾಚೆಯೂ ಇಲ್ಲ. ಕೌಂಟರಿಗೂ ಸುಳಿಯಲಿಲ್ಲ.

"ಪಿಟೀಲು ಯಾಕೋ ಸುಮ್ಮನಾಗಿದೆ?" ಎಂದರು ಅಪ್ಪ, ಎಂದಿನಂತೆ ಅವಳ ಕೈಗೆ ತಟ್ಟೆ ಕೊಡುತ್ತಾ. ಅವಳು ಆಟಕ್ಕೆ ಕೂತರೆ ಅವರು ಊಟವನ್ನು ಅಲ್ಲಿಗೇ ತಂದುಕೊಡುತ್ತಿದ್ದರು.

"ಕೆಲಸ ಇರಬೇಕು ಬಿಡಿ ಅಪ್ಪ."

"ಇರಬೇಕು, ಇರಬೇಕು," ಎಂದು ಅವರು ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಹೋದರು.

ಒಬ್ಬಳೇ ಆಡುವುದು ಆಟವೇ ಅಲ್ಲವೆಂದು ಅವಳಿಗೆ ಗೊತ್ತಾಯಿತು. ಸೇತುವೆಯ ತುದಿಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಬೇಸರಕ್ಕೆ ಬಿಡಾರದಲ್ಲೇ ಸುತ್ತಿದಳು. ಟೋಪಿಯವಳ ಅಂಗಡಿಯಲ್ಲಿ ಕೆಂಪು ಗರಿ ಕಂಡಿತು. ಅವನು ಅದನ್ನು ತೆಗೆದಿಟ್ಟಿರಲಿಲ್ಲ, ಮಾರಿದ್ದ! ಅಷ್ಟು ಇಷ್ಟದ ಟೋಪಿಯನ್ನು ಮಾರಿ ಏನು ಕೊಂಡ?

ಪಕ್ಕದಲ್ಲೇ ಅಕ್ಕಸಾಲಿಗ ಮುದುಕ ಕೂತಿದ್ದ. ಅವನ ಬಳಿ ಶಕ್ತಿಯ ಸಾಮಾನೇನೂ ಇಲ್ಲವೆಂದು ಅವಳು ಅತ್ತ ಹೋದವಳೇ ಅಲ್ಲ. ಇಂದು ಹೋಗಿ ನಿಂತಳು. ಮುದುಕ ತಲೆಯೆತ್ತಿದ. ಪರದೆಯ ಕೆಳಗೆ ಅವನ ಮಾತು ಮೂಡಿತು:

"ಬಾ ತಾಯಿ. ನಿನ್ನ ಜೊತೆಗಾರ ನಿನಗೆಂದು ಅಕ್ಷರ ಕೆತ್ತಿಸಿದ ಬೆಳ್ಳಿಯುಂಗುರ ಬೆರಳಿಗೆ ಸರಿಹೋಯಿತೇ?"

ಅವಳ ಕೈಯಿಂದ ಕಂಟ್ರೋಲರ್ ಜಾರಿ ಮಡಿಲಿಗೆ ಬಿತ್ತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳು ನೇರ ಅವನ ಅಂಗಡಿಗೆ ನಡೆದಳು. ಗೋಡೆಯ ತುಂಬ ತಂತಿಯಿಲ್ಲದ ಪಿಟೀಲುಗಳು. ಅವನು ಒಂದರ ಬಿರುಕಿಗೆ ಅಂಟು ಸವರುತ್ತಿದ್ದ. ಅವಳನ್ನು ಕಂಡು ಕುಂಚ ಹಿಡಿದ ಕೈ ನಿಂತಿತು.

"ಏನು ಕೆತ್ತಿಸಿದ್ರಿ?"

ಅವನು ತಲೆ ತಗ್ಗಿಸಿದ. "ಬಿಡಿ. ಶಕ್ತಿಯಿಲ್ಲದ ಉಂಗುರ. ನೀವು ಮಾಡಿದ್ದೇ ಸರಿ."

"ನಾನು ಓದಲೇ ಇಲ್ಲ ರೀ. ಬರೀ ನಂಬರು ನೋಡಿದೆ. ಓದಿ ಒಡೆಸಿದೆ ಅಂದ್ಕೊಂಡ್ರಾ?"

ಅವನು ಕುಂಚವನ್ನು ಅಂಟಿನ ಡಬ್ಬಿಗೆ ಅದ್ದಿದ. ಹಾಗೇ ಅಂದುಕೊಂಡಿದ್ದನೆಂದು ಕಿವಿಯ ಕೆಂಪೇ ಹೇಳಿತು.

"ಏನಿತ್ತು ಅದರಲ್ಲಿ? ಹೇಳಿ."

"ಬಾಯಲ್ಲಿ ಹೇಳೋಕೆ ಬರೋ ಹಾಗಿದ್ದರೆ ಕೆತ್ತಿಸ್ತಿದ್ನಾ?"

ಅವಳಿಗೆ ನಗು ಬಂತು. "ಸಂಜೆ ಮನೆಗೆ ಬನ್ನಿ. ಒಂದು ತೋರಿಸಬೇಕು."

"ಹೆಡ್‌ಫೋನಲ್ಲೇ..."

"ಬೇಡ. ಮನೆಗೆ."

ಸಂಜೆ ಬಂದ. ತಲೆ ನೀಟಾಗಿ ಬಾಚಿತ್ತು, ಶೂ ಹೊಳೆಯುತ್ತಿತ್ತು. ಅಪ್ಪ ಬಾಗಿಲು ತೆಗೆದು, "ಓಹೋ, ಪಿಟೀಲು! ಬನ್ನಿ ಬನ್ನಿ. ಇವಳ ಬಾಯಲ್ಲಿ ನಿಮ್ಮ ಸುದ್ದಿ ದಿನಾ ಕೇಳ್ತಿದ್ದೆ, ಮುಖ ಇವತ್ತು ನೋಡಿದೆ," ಎಂದು ಅಡುಗೆಮನೆಗೆ ಹೋಗಿಬಿಟ್ಟರು. ಅವನು ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಅರ್ಧ ಸೀಟು ಸಿಕ್ಕವನಂತೆ ಕೂತ.

ಅವಳು ಪರದೆ ಹೊತ್ತಿಸಿ, ಇನ್ನೊಂದು ಕಂಟ್ರೋಲರನ್ನು ಅವನ ಕೈಗಿಟ್ಟಳು. ಬಿಡಾರದಲ್ಲಿ ಅವಳ ಯೋಧೆ ನಿಂತಿದ್ದಳು. ಮೈಮೇಲೆ ತೆಳು ಬಟ್ಟೆ, ಹೆಗಲ ಮೇಲೆ ಕೊಡಲಿ. ತಲೆಯ ಮೇಲೆ ಉದ್ದನೆಯ ಕೆಂಪು ಗರಿಯ ಟೋಪಿ.

ಅವನು ಜೋರಾಗಿ ನಕ್ಕುಬಿಟ್ಟ. "ರಕ್ಷಣೆ ಸೊನ್ನೆ!"

"ಗೊತ್ತು."

"ಕವಚ ಎಲ್ಲಿ? ಗುರಾಣಿ?"

"ಅದನ್ನೆಲ್ಲ ಮಾರಿದ್ದಕ್ಕೇ ಟೋಪಿ ಬಂದಿದ್ದು."

"ಗುರಾಣಿ ಇಲ್ಲದೆ ಹೇಗೆ ಆಡ್ತೀರಾ?"

"ಪಕ್ಕದಲ್ಲಿ ಯಾರಾದರೂ ಇದ್ದರೆ ಆಡಬಹುದು." ಅವಳು ಯೋಧೆಯನ್ನು ಮೆಲ್ಲಗೆ ತಿರುಗಿಸಿದಳು. ಕೊಡಲಿಯ ಅಲಗು ಹತ್ತಿರ ಬಂತು. "ಇಲ್ಲಿ ನೋಡಿ. ಈ ಬಿಳಿ ಗೆರೆ. ಇದೇ ನಿಮ್ಮ ಉಂಗುರ. ಬೆರಳಿಗೆ ಹಾಕಿಕೊಳ್ಳಲಿಲ್ಲ, ನಿಜ. ಆದರೆ ಆವತ್ತಿನಿಂದ ಈ ಕೊಡಲಿಯನ್ನು ಕೆಳಗಿಟ್ಟಿಲ್ಲ."

ಅವನು ಆ ಗೆರೆಯನ್ನೇ ನೋಡಿದ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಒರೆಸುವಂಥದ್ದೇನೂ ಇರಲಿಲ್ಲ.

"ಅಕ್ಷರ ಮಾತ್ರ ಕರಗಿಹೋಯ್ತು," ಎಂದಳು ಅವಳು. "ಈಗಲಾದರೂ ಹೇಳು."

'ಹೇಳಿ' ಎನ್ನಲು ಹೊರಟ ನಾಲಿಗೆ ತಾನಾಗಿ ಹಾಗೆ ಹೊರಳಿತ್ತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ಪರದೆ ನೋಡಿದರು.

"ಉಂಗುರದಲ್ಲಿ ಜಾಗ ಚಿಕ್ಕದು," ಎಂದ ಅವನು ಕೊನೆಗೆ, ತನ್ನ ಕೈಯಲ್ಲಿದ್ದ ಕಂಟ್ರೋಲರಿಗೆ ಹೇಳುವಂತೆ. "ಮೂರೇ ಪದ ಹಿಡಿಯಿತು. 'ಅರ್ಧ ಭಾರ ನನಗೆ.'"

ಅವಳ ಕಣ್ಣು ತುಂಬಿತು. ಬಾಗಿಲ ಪಕ್ಕ ಅವಳ ಚೀಲ ಕೂತಿತ್ತು. ಟಾರ್ಚು, ಮಾತ್ರೆ, ಸೂಜಿದಾರ, ಛತ್ರಿ, ಸ್ಕ್ರೂಡ್ರೈವರ್, ಎಲ್ಲವನ್ನೂ ಹೊತ್ತು ಹೊಟ್ಟೆ ಉಬ್ಬಿಸಿಕೊಂಡು. ಅದನ್ನು ತಾನು ಹೊರಲೇ ಎಂದು ಯಾರಾದರೂ ಕೇಳಬಹುದೆಂದೇ ಅವಳಿಗೆ ಹೊಳೆದಿರಲಿಲ್ಲ.

"ತುಂಬಾ ಭಾರ ಇದೆ," ಎಂದಳು ಮೆಲ್ಲಗೆ.

"ಎಷ್ಟು ಅಂತ ನಿನಗೇ ಗೊತ್ತಲ್ಲ. ತಕ್ಕಡಿ ನೀನು."

"ಆಮೇಲೆ ಅಯ್ಯೋ ಅನ್ನಬಾರದು."

"ಅಯ್ಯೋ ಅಂದರೆ ಸೇತುವೆ ಹತ್ತಿರ ನೀನು ಕಾಯಿ. ಇಷ್ಟು ದಿನ ನಾನು ಕಾದಿಲ್ವಾ?"

ಅವಳು ಅಳುತ್ತಲೇ ನಕ್ಕಳು. ಸೋಫಾದ ಮೇಲೆ ಇಬ್ಬರ ನಡುವೆ ಇದ್ದ ಜಾಗದಲ್ಲಿ ಅವಳ ಕೈ ಇತ್ತು. ಅವನ ಬೆರಳು, ಅಂಟಿನ ಕಲೆ ಹೋಗದ ಬೆರಳು, ಬಂದು ಅದರ ಪಕ್ಕ ನಿಂತಿತು.

ಅಡುಗೆಮನೆಯ ಕಡೆಯಿಂದ ಚಪ್ಪಲಿ ಸಪ್ಪಳ ಬಂತು. ಅಪ್ಪ ಎಂದಿನಂತೆ ಊಟ ತಂದಿದ್ದರು. ಆದರೆ ಇಂದು ಎರಡೂ ಕೈಯಲ್ಲಿ ಒಂದೊಂದು ತಟ್ಟೆ. ಮಗಳ ಒದ್ದೆ ಕಣ್ಣನ್ನು ನೋಡಿದರು, ಪರದೆಯ ಮೇಲಿನ ಕೆಂಪು ಗರಿಯನ್ನು ನೋಡಿದರು. ಅವಳ ತಟ್ಟೆಯನ್ನು ಅವಳ ಪಕ್ಕ ಇಟ್ಟರು. ಆಮೇಲೆ ಅವನ ಕೈಯಿಂದ ಕಂಟ್ರೋಲರನ್ನು ಮೆತ್ತಗೆ ಬಿಡಿಸಿ ತಾವು ಇಟ್ಟುಕೊಂಡು, ಬರಿದಾದ ಆ ಕೈಗಳಿಗೆ ಬಿಸಿ ಊಟದ ತಟ್ಟೆಯನ್ನು ಕೊಟ್ಟರು.