ಎಂಟು ನಿಮಿಷದ ಕಳವು

ಬುಧವಾರ ಬೆಳಿಗ್ಗೆ 10.40ಕ್ಕೆ ಹೆರಿಗೆ ಆಸ್ಪತ್ರೆಯ ಆಡಳಿತಾಧಿಕಾರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಆಸ್ಪತ್ರೆಯ ಹಳೇ ಸ್ಕ್ಯಾನಿಂಗ್ ಕಂಪ್ಯೂಟರಿನಿಂದ ರೋಗಿಗಳ ದಾಖಲೆಗಳೆಲ್ಲ ನಕಲಾಗಿ ಹೊರಗೆ ಹೋಗಿದ್ದವು. ಸೋಮವಾರದಿಂದ ಆ ಹೆಂಗಸರ ಸ್ಕ್ಯಾನ್ ವರದಿಗಳು ಅವರವರ ಸಂಬಂಧಿಕರ ಫೋನಿಗೇ ಬರುತ್ತಿದ್ದವು. ಒಬ್ಬಳ ಮದುವೆ ಮುರಿದುಬಿದ್ದಿತ್ತು. ಆ ಹುಡುಗಿ ಮಾತ್ರೆ ನುಂಗಿ ಬೇರೊಂದು ಆಸ್ಪತ್ರೆಯಲ್ಲಿ ಮಲಗಿದ್ದಳು.

ಆರೋಪಿಯನ್ನೂ ದೂರಿನಲ್ಲೇ ಹೆಸರಿಸಲಾಗಿತ್ತು: ಸ್ಕ್ಯಾನಿಂಗ್ ವಿಭಾಗದ ನರ್ಸ್. ಶನಿವಾರ ಸಂಜೆ ಕೊನೆಯ ಸ್ಕ್ಯಾನ್ ಮುಗಿದ ಮೇಲೆ ಆಕೆ ಒಬ್ಬಳೇ ಕಂಪ್ಯೂಟರ್ ಕೋಣೆಯೊಳಗೆ ಹತ್ತು ನಿಮಿಷ ಇದ್ದದ್ದು ಬಾಗಿಲ ಹೊರಗಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ನರ್ಸನ್ನು ಕರೆಸಿದರು. ಅವಳ ಹಿಂದೆಯೇ ಅತ್ತೆಯೂ ಬಂದಳು.

"ಒಳಗೆ ಯಾಕೆ ಹೋಗಿದ್ದೆ?"

"ಸ್ಕ್ಯಾನಿಗೆ ಹಚ್ಚೋ ಜೆಲ್ ಬಾಟಲಿ ವಾಪಸ್ ಇಡೋಕೆ ಮೇಡಂ. ಅಲ್ಲಿನ ಬೀರೂಲೇ ಇಡೋದು."

"ಹತ್ತು ನಿಮಿಷ ಬೇಕಾ?"

"ಬೆಳಿಗ್ಗೆಯಿಂದ ನಿಂತಿದ್ದೆ. ಕುರ್ಚಿ ಇತ್ತು, ಕೂತೆ. ಅದೂ ತಪ್ಪಾ?" ಅವಳ ದನಿ ನಡುಗಿತು, ಅಳುವಿಗಲ್ಲ, ಸಿಟ್ಟಿಗೆ. "ನಿನ್ನೆ ಎಲ್ಲರೆದುರು ನನ್ನ ಬ್ಯಾಗ್ ನೆಲಕ್ಕೆ ಸುರಿದ್ರು. ಊಟದ ಡಬ್ಬೀನೂ ಬಿಡದೆ ತೆಗೆಸಿ ನೋಡಿದ್ರು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!" ಬಾಗಿಲಲ್ಲಿ ನಿಂತಿದ್ದ ಅತ್ತೆ ಗುಡುಗಿದಳು. "ಮನೇಲಿ ನಾವಿಬ್ರೂ ದಿನಾ ಜಗಳ ಆಡ್ತೀವಿ, ಆ ಮಾತು ಬೇರೆ. ನನ್ನ ಸೊಸೆ ಕಳ್ಳಿ ಅಂದವನ ನಾಲಿಗೆ ಸೇದಿಹೋಗ್ಲಿ!"

ಹೆಡ್ ಕಾನ್‌ಸ್ಟೇಬಲ್ ಅವಳಿಗೆ ಬೆಂಚು ತೋರಿಸಿದರು. ಅವಳು ಕೂರಲಿಲ್ಲ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದರು. ಕೋಣೆ ಚಿಕ್ಕದು, ಕಿಟಕಿಯಿಲ್ಲ. ಕಂಪ್ಯೂಟರಿಗೆ ಹನ್ನೆರಡು ವರ್ಷ. ಹೊರಗಿನ ಡಿಸ್ಕ್ ಸಿಕ್ಕಿಸಲು ಹಳೇ ಕಾಲದ ಯುಎಸ್‌ಬಿ ಕಿಂಡಿ ಮಾತ್ರ ಇತ್ತು.

"ಇಷ್ಟೂ ದಾಖಲೆ ಹತ್ತು ನಿಮಿಷದಲ್ಲಿ ನಕಲಾಗುತ್ತಾ?" ಎಂದು ಕೇಳಿದರು.

"ಎಂಟೇ ನಿಮಿಷ ಸಾಕು ಮೇಡಂ," ಎಂದರು ಆಡಳಿತಾಧಿಕಾರಿ. "ಒಟ್ಟು 240 ಜಿಬಿ. ಕಿಂಡಿಯ ವೇಗ ಸೆಕೆಂಡಿಗೆ 480. ನೀವೇ ಭಾಗಿಸಿ ನೋಡಿ."

"480 ಏನು?"

"ಅಂದ್ರೆ?"

"480 ಮೆಗಾಬಿಟ್ಟಾ, ಮೆಗಾಬೈಟಾ?"

ಅವರು ಕನ್ನಡಕ ಸರಿಪಡಿಸಿಕೊಂಡರು. "ಎರಡೂ ಒಂದೇ ಅಲ್ವಾ?"

ಇನ್‌ಸ್ಪೆಕ್ಟರ್ ಸೈಬರ್ ವಿಭಾಗದ ಪರಿಣತನಿಗೆ ಫೋನ್ ಮಾಡಿದರು. ಹಳೇ ಕಿಂಡಿಗಳ ವೇಗವನ್ನು ಬಿಟ್‌ಗಳಲ್ಲಿ ಹೇಳುವುದು ವಾಡಿಕೆ, ಕಡತಗಳ ಗಾತ್ರವನ್ನು ಅಳೆಯುವುದು ಬೈಟ್‌ಗಳಲ್ಲಿ, ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂದು ಅವನು ವಿವರಿಸಿದ. 480ನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಅರವತ್ತು ಮೆಗಾಬೈಟ್. ಆ ಲೆಕ್ಕದಲ್ಲಿ 240 ಜಿಬಿಗೆ ಒಂದು ಗಂಟೆ ಏಳು ನಿಮಿಷ. "ಅದೂ ಕಾಗದದ ಮೇಲೆ ಮೇಡಂ. ನಿಜದಲ್ಲಿ ಅಷ್ಟು ವೇಗ ಯಾವತ್ತೂ ಸಿಗಲ್ಲ."

"ಬಾಯಿಮಾತು ಕೋರ್ಟಲ್ಲಿ ನಿಲ್ಲಲ್ಲ. ಮಾಡಿ ತೋರಿಸು, ಬಾ."

ಮರುದಿನ ಬೆಳಿಗ್ಗೆ 11.05ಕ್ಕೆ ಇಬ್ಬರು ಪಂಚರ ಸಮಕ್ಷಮ ಅದೇ ಕಂಪ್ಯೂಟರಿನಿಂದ ಅಷ್ಟೂ ದಾಖಲೆಗಳನ್ನು ಖಾಲಿ ಡಿಸ್ಕಿಗೆ ನಕಲಿಸಲು ಶುರುಮಾಡಲಾಯಿತು. ಒಬ್ಬ ಪಂಚ ಹತ್ತಿರದ ಚಪ್ಪಲಿ ಅಂಗಡಿಯವನು, ಇನ್ನೊಬ್ಬ ಬಾಡಿಗೆ ಕಾರಿನ ಚಾಲಕ. ಹತ್ತು ನಿಮಿಷ ಕಳೆದಾಗ ಪರದೆಯ ಹಸಿರು ಪಟ್ಟಿ ಮೂಲೆಯಲ್ಲೇ ಇತ್ತು. ಚಾಲಕ ಆಕಳಿಸಿ, "ಇದಕ್ಕಿಂತ ನನ್ನ ಗಾಡಿ ಟ್ರಾಫಿಕ್ಕಲ್ಲಿ ಬೇಗ ಹೋಗುತ್ತೆ," ಎಂದ. ನಕಲು ಮುಗಿದಾಗ 12.57. ಪಂಚನಾಮೆಗೆ ಇಬ್ಬರೂ ಸಹಿ ಹಾಕಿದರು.

ಕಳ್ಳ ಆ ಕೋಣೆಯಲ್ಲಿ ಎರಡು ಗಂಟೆಯ ಹತ್ತಿರ ಇದ್ದವನು. ಹೊರಗೆ ಹೋದ ವರದಿಗಳಲ್ಲಿ ಶನಿವಾರದ ಕೊನೆಯ ಸ್ಕ್ಯಾನ್ ಕೂಡ ಇತ್ತು. ಹಾಗಾದರೆ ನಕಲಾದದ್ದು ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯೊಳಗೆ.

"ಭಾನುವಾರದ ಕ್ಯಾಮೆರಾ ದೃಶ್ಯ ಎಲ್ಲಿ?"

"ಸ್ಕ್ಯಾನಿಂಗ್ ವಿಭಾಗಕ್ಕೆ ರಜಾ ದಿನ. ಆಫ್ ಮಾಡಿದ್ವಿ," ಎಂದರು ಆಡಳಿತಾಧಿಕಾರಿ.

ಹೆಡ್ ಕಾನ್‌ಸ್ಟೇಬಲ್ ಆ ವಿಭಾಗದ ಕಾವಲುಗಾರನನ್ನು ಪಕ್ಕಕ್ಕೆ ಕರೆದರು.

"ಭಾನುವಾರ ಯಾರು ಬಂದಿದ್ರು?"

"ಸಾಹೇಬ್ರು ಒಬ್ರೇ ಸರ್."

"ಎಷ್ಟು ಹೊತ್ತು ಇದ್ರು?"

"ಮನೆಗೆ ಹೋಗಿ ಊಟ ಮಾಡ್ಕೊಂಡು ಬಾ, ಅವಸರ ಇಲ್ಲ ಅಂದ್ರು. ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದೆ. ಆಗ್ಲೂ ಆ ಕೋಣೆ ಬಾಗಿಲು ಒಳಗಿಂದ ಹಾಕೇ ಇತ್ತು."

ಸಂಜೆ ಆಡಳಿತಾಧಿಕಾರಿಯ ಮನೆಯನ್ನು ಶೋಧಿಸಲಾಯಿತು. ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿ ಆ ದಾಖಲೆಗಳಿದ್ದ ಡಿಸ್ಕ್ ಸಿಕ್ಕಿತು.

ಇನ್‌ಸ್ಪೆಕ್ಟರ್ ಅದನ್ನು ಅವರ ಮುಂದೆ ಮೇಜಿಗೆ ಕುಕ್ಕಿದರು. "ಎಂಟು ನಿಮಿಷ ಅಂದ್ರಲ್ಲ, ಎರಡು ಗಂಟೆ ಹಿಡಿಯುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಪೊಲೀಸರಿಗೆ ಭಾಗಾಕಾರ ಬರಲ್ಲ ಅಂದ್ಕೊಂಡ್ರಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ನರ್ಸ್ ನಿಮಗೇನು ಮಾಡಿದ್ಲು?"

"ಏನೂ ಇಲ್ಲ. ಕ್ಯಾಮೆರಾದಲ್ಲಿ ಕಂಡಳು. ಅವಳ ಪರವಾಗಿ ಯಾರು ಬರ್ತಾರೆ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಎದ್ದು ಹೊರಗೆ ಹೋದರು. ಇನ್ನೊಂದು ಕ್ಷಣ ಕೂತಿದ್ದರೆ ಕೈ ಎತ್ತಿಬಿಡುತ್ತಿದ್ದೆ ಎಂದು ಆಮೇಲೆ ಹೆಡ್ ಕಾನ್‌ಸ್ಟೇಬಲ್ ಬಳಿ ಒಪ್ಪಿಕೊಂಡರು. ಗುರುವಾರ ರಾತ್ರಿ 8.15ಕ್ಕೆ ಬಂಧನ ದಾಖಲಾಯಿತು.

ಹೇಳಿಕೆಯಲ್ಲಿ ಅವರು ಹೆಚ್ಚೇನೂ ಮುಚ್ಚಿಡಲಿಲ್ಲ. ಆಸ್ಪತ್ರೆ ಅವರ ಭಾವನದು. ಅಡಿಪಾಯದ ಇಟ್ಟಿಗೆ ಇಳಿಸಿಕೊಂಡ ದಿನದಿಂದ ಅವರೇ ಅಲ್ಲಿ ನಿಂತು ನಡೆಸಿದ್ದರು. ಓದು ಮುಗಿಸಿ ಡಾಕ್ಟರಾಗಿ ಬಂದ ಅಕ್ಕನ ಮಗಳು, ಎತ್ತಿ ಆಡಿಸಿದ ಸೋದರ ಸೊಸೆ, ಕಳೆದ ತಿಂಗಳು ಎಲ್ಲರೆದುರು, "ಮಾವ, ಬೀಗದ ಕೈ ಇನ್ನು ನನಗೆ ಕೊಡಿ," ಎಂದಿದ್ದಳು. ತಾನಿಲ್ಲದೆ ಆ ಆಸ್ಪತ್ರೆ ಒಂದು ದಿನವೂ ನಡೆಯಬಾರದು ಎಂದು ಅವರಿಗೆ ಅನ್ನಿಸಿತ್ತು. ಹೆಸರು ಕೆಟ್ಟರೆ ಅದು ಮುಚ್ಚಿಹೋಗುತ್ತದೆ ಎಂದು ವರದಿಗಳನ್ನು ಹೊರಗೆ ಬಿಟ್ಟಿದ್ದರು.

ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು. "ಆಸ್ಪತ್ರೆ ಮುಚ್ಚಿದ್ದಾರಾ ಮೇಡಂ?"

"ಇಲ್ಲ. ಇವತ್ತು ಎರಡು ಹೆರಿಗೆ ಆಗಿದೆ."

ಅಲ್ಲಿಯವರೆಗೂ ಒಣಗಿದ್ದ ಅವರ ಕಣ್ಣುಗಳು ತುಂಬಿಬಂದವು.